ವರ್ಷವರ್ಷ ತೆಳ್ಳಗಾಗುವ ನಿಘಂಟು

(ತೆರೆಯ ಮೇಲೆ: ದಪ್ಪ ನಿಘಂಟು. ಹಾಳೆಗಳು ಒಂದೊಂದಾಗಿ ಮಾಯ.)

ನಿಘಂಟಿನ ಹೊಸ ಆವೃತ್ತಿ ಬಂತು ಅಂದ್ರೆ ಇನ್ನಷ್ಟು ಪದ ಸೇರಿರುತ್ತೆ ಅಲ್ವಾ? ಜಾರ್ಜ್ ಆರ್ವೆಲ್ ಬರೆದ ‘1984’ ಕಾದಂಬರಿಯಲ್ಲಿ ಇದು ಉಲ್ಟಾ. ಅಲ್ಲಿ 11ನೇ ಆವೃತ್ತಿ ತಯಾರಾಗ್ತಿದೆ, ದಿನಕ್ಕೆ ನೂರಾರು ಪದ ಕತ್ತರಿಸ್ತಿದ್ದಾರೆ.

ಪುಸ್ತಕ ಬಂದದ್ದು 1949ರಲ್ಲಿ. ಗೋಡೆಯಿಂದಲೇ ಕಣ್ಣಿಡೋ ಟೆಲಿಸ್ಕ್ರೀನ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ನನಗೆ ಅದಕ್ಕಿಂತ ಭಯ ಹುಟ್ಟಿಸಿದ್ದು ಈ ನಿಘಂಟು.

ಕಾದಂಬರಿಯ ದೇಶದಲ್ಲಿ ಸರ್ವಾಧಿಕಾರಿ ಸರ್ಕಾರ ತಂದ ಹೊಸ ಭಾಷೆ ನ್ಯೂಸ್ಪೀಕ್, ಆ ನಿಘಂಟು ಇದರದ್ದೇ. ‘ಗುಡ್’ ಇದ್ದ ಮೇಲೆ ‘ಬ್ಯಾಡ್’ ಯಾಕೆ? ‘ಅನ್‌ಗುಡ್’ ಸಾಕು. ತುಂಬಾ ಚೆನ್ನಾಗಿದ್ರೆ ‘ಪ್ಲಸ್‌ಗುಡ್’, ಅದಕ್ಕೂ ಮೇಲಾದ್ರೆ ‘ಡಬಲ್‌ಪ್ಲಸ್‌ಗುಡ್’. ಕನ್ನಡಕ್ಕೆ ಹೀಗೆ ಕತ್ತರಿ ಹಾಕಿ ನೋಡಿ: ಸೊಗಸು, ಚೆಂದ, ಲೇಸು, ಭೇಷ್ ಎಲ್ಲ ಹೋಗಿ ‘ಒಳ್ಳೆ’ ಒಂದೇ ಉಳಿಯುತ್ತೆ. ‘ಫ್ರೀ’ ಅನ್ನೋ ಪದ ಅಲ್ಲಿ ಉಳಿದಿದೆ, ಆದ್ರೆ ‘ಈ ನಾಯಿ ಹೇನುಗಳಿಂದ ಫ್ರೀ’ ಅನ್ನೋಕೆ ಮಾತ್ರ. ಸ್ವಾತಂತ್ರ್ಯ ಬೇಕು ಅಂತ ಕೇಳೋಕೆ ಬಾಯಲ್ಲಿ ಪದವೇ ಇರಲ್ಲ.

(ತೆರೆಯ ಮೇಲೆ: ಡೈರಿ, ನಿಬ್ ಪೆನ್.)

ಕಥಾನಾಯಕ ವಿನ್‌ಸ್ಟನ್ ಸ್ಮಿತ್‌ನ ನೌಕರಿ ಹಳೇ ಪತ್ರಿಕೆಗಳನ್ನ ಸರ್ಕಾರಕ್ಕೆ ಬೇಕಾದ ಹಾಗೆ ತಿದ್ದೋದು. ಬಾಯಲ್ಲಿ ಹೇಳಿದ್ದನ್ನ ಬರೆದುಕೊಳ್ಳೋ ‘ಸ್ಪೀಕ್‌ರೈಟ್’ ಯಂತ್ರ ಇದೆ. ನಮ್ಮ ಫೋನಿನ ವಾಯ್ಸ್ ಟೈಪಿಂಗ್ ಅಂದುಕೊಳ್ಳಿ. ಒಂದಿನ ಕದ್ದುಮುಚ್ಚಿ ಡೈರಿ ಬರೆಯೋಕೆ ಕೂತ್ರೆ, ಅವನಿಗೆ ಕೈಬರಹವೇ ಒಗ್ಗಲ್ಲ. ಮಗು ಬರೆದಂಥ ಅಕ್ಷರ. ಬರೀತಾ ಬರೀತಾ ಕ್ಯಾಪಿಟಲ್ ಅಕ್ಷರ ಬಿಟ್ಟುಹೋಗುತ್ತೆ, ಆಮೇಲೆ ಪೂರ್ಣವಿರಾಮಾನೂ.

ಇನ್ಮುಂದೆ ಸ್ಪಾಯ್ಲರ್. ಆ ನಿಘಂಟಿನ ತಂಡದಲ್ಲಿರೋ ಸೈಮ್, ಪದ ಕೊಲ್ಲೋದು ಎಷ್ಟು ಚೆಂದದ ಕೆಲಸ ಅಂತ ಕ್ಯಾಂಟೀನಲ್ಲಿ ಊಟ ಮಾಡ್ತಾ ವರ್ಣಿಸ್ತಾನೆ. ಬಲು ಬುದ್ಧಿವಂತ, ಅದೇ ಅವನಿಗೆ ಮುಳುವು. ಒಂದು ಬೆಳಗ್ಗೆ ಸೈಮ್ ಕೆಲಸಕ್ಕೆ ಬರಲ್ಲ. ನೋಟಿಸ್ ಬೋರ್ಡಲ್ಲಿ ಚೆಸ್ ಕಮಿಟಿಯ ಪಟ್ಟಿ ಹಾಗೇ ಇದೆ. ಗೀಟು ಎಳೆದಿಲ್ಲ, ಕಾಟು ಹಾಕಿಲ್ಲ. ಒಂದು ಹೆಸರು ಕಡಿಮೆ. ಪದಗಳಿಗೆ ಅವನು ಮಾಡ್ತಿದ್ದದ್ದನ್ನೇ ಅವನಿಗೂ ಮಾಡಿದ್ರು.

ಪುಸ್ತಕ ಓದಿದ್ರೆ ಕೊನೆಯಲ್ಲಿರೋ ನ್ಯೂಸ್ಪೀಕ್ ಬಗೆಗಿನ ಪರಿಶಿಷ್ಟವನ್ನ ವ್ಯಾಕರಣದ ಪಾಠ ಅಂತ ಹಾರಿಸಬೇಡಿ. ಅಮೆರಿಕದ ಬುಕ್ ಕ್ಲಬ್ ಒಂದು ಅದನ್ನ ತೆಗೀರಿ ಅಂದಾಗ ಆರ್ವೆಲ್ ಒಪ್ಪಲಿಲ್ಲ. ಅದರ ಮೊದಲ ವಾಕ್ಯದ ಕ್ರಿಯಾಪದ ಗಮನಿಸಿ. ನ್ಯೂಸ್ಪೀಕ್ ಆ ದೇಶದ ಅಧಿಕೃತ ಭಾಷೆ ‘ಆಗಿತ್ತು’ ಅಂತಿದೆ. ‘ಆಗಿದೆ’ ಅಂತಲ್ಲ.