ಕುದುರೆದಾರಿಯಲ್ಲಿ ಸೈಕಲ್ ಸವಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋಗಿಬರುವ ನಮ್ಮವರು ಈಗ ಜಾಸ್ತಿ. ಹೋದವರು ಲಂಡನ್ನಿನ ಸೇತುವೆ, ಅರಮನೆ, ದೊಡ್ಡ ಗಡಿಯಾರ ನೋಡಿ, ಫೋಟೋ ಹೊಡೆಸಿಕೊಂಡು ಬರುತ್ತಾರೆ. ತಪ್ಪೇನಿಲ್ಲ. ಆದರೆ ಕಾಲಲ್ಲಿ ಒಂದಿಷ್ಟು ಕಸುವಿದ್ದು, ಸೈಕಲ್ ಹುಚ್ಚೂ ಇದ್ದರೆ, ಅಲ್ಲಿನ ಹಳ್ಳಿಗಾಡು ಸುತ್ತುವುದಕ್ಕೆ ಬ್ರೈಡಲ್‌ವೇಗಳಿವೆ. ಕುದುರೆ ಸವಾರರ ಹಳೇ ಮಣ್ಣುದಾರಿಗಳು. ಟಾರಿಲ್ಲ, ಕಾರಿಲ್ಲ. ಹೊಲದ ಅಂಚು, ಕಾಡಿನ ನಡು, ಗುಡ್ಡದ ನೆತ್ತಿ ಹಿಡಿದು ಊರಿಂದ ಊರಿಗೆ ಹೋಗುತ್ತವೆ.

ಇವುಗಳಲ್ಲಿ ಸೈಕಲ್ ಓಡಿಸುವ ಹಕ್ಕು ಬಂದದ್ದು 1968ರ ಒಂದು ಕಾನೂನಿನಿಂದ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡಕ್ಕೂ ಅದು ಅನ್ವಯಿಸುತ್ತದೆ. ಆಗ ಇಂದಿನ ಮೌಂಟನ್ ಬೈಕ್ ಇನ್ನೂ ಹುಟ್ಟಿರಲಿಲ್ಲ, ಅಲ್ವಾ? ಕಾನೂನು ಹಕ್ಕನ್ನೇನೋ ಕೊಟ್ಟಿತು, ಜೊತೆಗೆ ಎರಡು ಮಾತು ಸೇರಿಸಿತು. ಸೈಕಲ್ಲಿನವರು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು. ಮತ್ತೆ, ಸೈಕಲ್ಲಿಗೆ ಅನುಕೂಲವಾಗಲಿ ಅಂತ ದಾರಿ ರಿಪೇರಿ ಮಾಡಿಕೊಡುವ ಹೊಣೆ ಸರ್ಕಾರದ್ದಲ್ಲ. ಅಂದರೆ ಕೆಸರಿದ್ದರೆ ಕೆಸರು, ಕಲ್ಲಿದ್ದರೆ ಕಲ್ಲು. ನನಗಂತೂ ಇದು ನ್ಯಾಯವಾಗಿಯೇ ಕಾಣುತ್ತದೆ. ನುಣ್ಣಗೆ ಮಾಡಿಬಿಟ್ಟರೆ ಅದೂ ಇನ್ನೊಂದು ರಸ್ತೆಯಾಗಿಬಿಡುತ್ತದೆ.

ಜಮೀನು ಬಹುಪಾಲು ಖಾಸಗಿಯವರದು, ಆದರೆ ಅದರ ಮೇಲೆ ಹಾದುಹೋಗುವ ಹಕ್ಕು ಎಲ್ಲರದು. ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದೆ ಅಂತ ತಹಶೀಲ್ದಾರರ ಕಚೇರಿಗೆ ಅಲೆದವರು ನಮ್ಮಲ್ಲಿ ಎಷ್ಟು ಮಂದಿ! ಅಲ್ಲೂ ನಕಾಶೆಯೇ ಸಾಕ್ಷಿ. ದಾರಿಗಳನ್ನೆಲ್ಲ ನಕಾಶೆಗೆ ಏರಿಸುವ ಕೆಲಸ 1949ರ ಕಾನೂನಿನಿಂದ ಶುರುವಾಯಿತು. ಹೊಲದ ನಡುವೆ ಹಾದ ಬ್ರೈಡಲ್‌ವೇಯನ್ನು ರೈತ ಉಳಬಹುದು. ಉತ್ತರೂ ಆಮೇಲೆ ಕನಿಷ್ಠ 2 ಮೀಟರ್ ಅಗಲದ ದಾರಿಯನ್ನು ಮತ್ತೆ ಸಮ ಮಾಡಿ ಬಿಡಬೇಕು. ಗೋಧಿ ಎದೆಮಟ್ಟ ಬೆಳೆದಿರುವಾಗ, ಅದರ ನಡುವೆ ಬೈತಲೆ ತೆಗೆದ ಹಾಗೆ ನೆಟ್ಟಗೆ ಹೋಗುವ ಆ ದಾರಿಯಲ್ಲಿ ಪೆಡಲ್ ತುಳಿಯುವ ಸುಖವೇ ಬೇರೆ.

ಗುರುತು ಹಿಡಿಯುವುದು ಸುಲಭ. ಕಂಬದ ಮೇಲೆ ನೀಲಿ ಬಾಣ ಇದ್ದರೆ ಬ್ರೈಡಲ್‌ವೇ, ಸೈಕಲ್ ಹೋಗಬಹುದು. ಹಳದಿ ಬಾಣ ಇದ್ದರೆ ಕಾಲುದಾರಿ, ಅದು ನಡೆಯುವವರಿಗೆ. ಮೋಟಾರ್ ಬೈಕಿಗೆ ಎರಡರಲ್ಲೂ ಜಾಗ ಇಲ್ಲ. ಆದರೆ 250 ವ್ಯಾಟ್ ಒಳಗಿನ, ಪೆಡಲ್ ತುಳಿದರೆ ಮಾತ್ರ ನೆರವಾಗುವ ಎಲೆಕ್ಟ್ರಿಕ್ ಸೈಕಲ್ಲನ್ನು ಸೈಕಲ್ ಅಂತಲೇ ಲೆಕ್ಕ ಹಿಡಿಯುತ್ತಾರೆ. ಮಂಡಿನೋವಿನವರಿಗೆ ಅಷ್ಟು ಸಮಾಧಾನ. ಆರ್ಡ್‌ನೆನ್ಸ್ ಸರ್ವೇ, ಅಂದರೆ ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯವರ 1:25,000 ಅಳತೆಯ ನಕ್ಷೆ ಒಂದು ಚೀಲದಲ್ಲಿರಲಿ. ಅದರಲ್ಲಿ ಉದ್ದನೆಯ ಹಸಿರು ಗೆರೆಗಳ ಸಾಲು ಬ್ರೈಡಲ್‌ವೇ, ಗಿಡ್ಡ ಗೆರೆಗಳದು ಕಾಲುದಾರಿ. ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಕಾಗದದ್ದು ಇಳಿಯುವುದಿಲ್ಲ.

ಈಗ ಕುದುರೆಯ ವಿಷಯ. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ ಅಂದರೆ ಕುದುರೆಗೆ ದಿಗಿಲು. ಹಾಗಾಗಿ ದೂರದಿಂದಲೇ ವೇಗ ಇಳಿಸಿ, ಒಂದು ಹಲೋ ಹೇಳಬೇಕು. ಬೆಲ್ಲಿಗಿಂತ ಮನುಷ್ಯನ ದನಿ ಮೇಲು. ದನಿ ಕೇಳಿದ್ದೇ ತಡ, ಕುದುರೆಯ ಕಿವಿ ಎರಡೂ ನಿಮ್ಮ ಕಡೆ ತಿರುಗುತ್ತವೆ. ಓ, ಮನುಷ್ಯನೇ ಅಂತ ಅದಕ್ಕೆ ಗೊತ್ತಾಯಿತು. ಸವಾರರು ಹಿಂತಿರುಗಿ ನೋಡಿ, ಕುದುರೆಯನ್ನು ಪಕ್ಕಕ್ಕೆ ಸರಿಸಿ, ಬನ್ನಿ ಅಂತ ಕೈ ಮಾಡುತ್ತಾರೆ. ಆಮೇಲೆ ದೂರ ಬಿಟ್ಟು ನಿಧಾನಕ್ಕೆ ದಾಟಿಕೊಳ್ಳಬೇಕು. ಇಳಿಜಾರಿನಲ್ಲಿ ಬಂದ ಜೋರನ್ನೆಲ್ಲ ಬ್ರೇಕಿಗೆ ಸುರಿಯುವುದು ಹೊಟ್ಟೆ ಉರಿಯುವ ಕೆಲಸವೇ. ಆದರೆ ಈ ದಾರಿಯಲ್ಲಿ ನಾವು ಆಮೇಲೆ ಬಂದವರು, ಹೊಂದಿಕೊಳ್ಳಬೇಕಾದವರೂ ನಾವೇ.

ಕುದುರೆಯಷ್ಟೇ ಮುಖ್ಯ ಗೇಟು. ಬ್ರೈಡಲ್‌ವೇ ಗೇಟಿಗೆ ಅಗಳಿಯಿಂದ ಮೇಲಕ್ಕೆ ಒಂದು ಉದ್ದನೆಯ ಹಿಡಿ ಇರುತ್ತದೆ. ಕುದುರೆ ಮೇಲೆ ಕೂತವರು ಇಳಿಯದೆಯೇ ತೆಗೆಯಲಿ ಅಂತ. ಸೈಕಲ್ಲಿನವರ ಪಾಡು ಬೇರೆ. ಒಂದು ಕೈಯಲ್ಲಿ ಹಿಡಿ ಎಳೆದು, ಮುಂದಿನ ಚಕ್ರ ತೂರಿಸಿ, ಸೊಂಟದಿಂದ ಗೇಟು ತಳ್ಳಿ ದಾಟುವಷ್ಟರಲ್ಲಿ, ಅದು ತಾನಾಗಿ ವಾಪಸ್ ಬಂದು ಹಿಂದಿನ ಚಕ್ರಕ್ಕೆ ಬಡಿಯುತ್ತದೆ. ನಾಲ್ಕು ಗೇಟು ಕಳೆದರೆ ಕೈ ಪಳಗುತ್ತದೆ. ಒಳಗೆ ದನ, ಕುರಿ ಇದ್ದರೆ ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಹೋರಿ ಅಂತ ಹೆದರುವವರಿಗೆ ಒಂದು ಮಾತು. ಹತ್ತು ತಿಂಗಳು ದಾಟಿದ ಹಾಲಿನ ತಳಿಯ ಹೋರಿಯನ್ನು ಇಂಥ ದಾರಿ ಹಾದ ಹೊಲದಲ್ಲಿ ಬಿಡುವಂತಿಲ್ಲ. ಮಾಂಸದ ತಳಿಯದಾದರೆ ಹಸುಗಳ ಜೊತೆ ಬಿಡಬಹುದು. ಹೊಲದ ನಡುವೆ ನಿಂತು ತಳಿ ವಿಚಾರಿಸುವವರು ಯಾರು, ಸುಮ್ನೆ ಬಳಸಿಕೊಂಡು ಹೋಗಿ.

ಎಲ್ಲಿ ಶುರುಮಾಡೋಣ ಅಂತ ಕೇಳಿದರೆ, ನಾನು ಹೇಳುವುದು ದಕ್ಷಿಣ ಇಂಗ್ಲೆಂಡಿನ ಗುಡ್ಡಸಾಲಿನ ಉದ್ದಕ್ಕೂ ಹೋಗುವ ಸೌತ್ ಡೌನ್ಸ್ ವೇ. ವಿಂಚೆಸ್ಟರ್‌ನಿಂದ ಸಮುದ್ರದಂಡೆಯ ಈಸ್ಟ್‌ಬೋರ್ನ್‌ವರೆಗೆ 160 ಕಿಲೋಮೀಟರ್. 1972ರಲ್ಲಿ ತೆರೆದಾಗ ಇಷ್ಟು ಉದ್ದ ಇರಲಿಲ್ಲ, ವಿಂಚೆಸ್ಟರ್ ಸೇರಿದ್ದು ಆಮೇಲೆ. ಲಂಡನ್ನಿನಿಂದ ವಿಂಚೆಸ್ಟರ್‌ಗೆ ರೈಲಿನಲ್ಲಿ ಒಂದು ತಾಸಿನ ದಾರಿ. ಸೈಕಲ್ಲನ್ನೂ ಒಯ್ಯಬಹುದು, ಆದರೆ ಕಚೇರಿಗೆ ಹೋಗಿಬರುವ ಹೊತ್ತಿನ ರೈಲು ಬೇಡ. ಗಟ್ಟಿಗರು ಇಡೀ ದಾರಿಯನ್ನು ಒಂದೇ ದಿನದಲ್ಲಿ ಮುಗಿಸುವುದುಂಟು. ರಜೆಗೆ ಹೋದವರಿಗೆ ಆ ಹಟ ಯಾಕೆ? ಮೂರು ದಿನ ಇಟ್ಟುಕೊಳ್ಳಿ.

ದಾರಿ ಹೆಚ್ಚಾಗಿ ಸೀಮೆಸುಣ್ಣದ ಗುಡ್ಡದ ನೆತ್ತಿಯ ಮೇಲೆ ಹೋಗುತ್ತದೆ. ಕೆಳಗಿನ ಬಯಲು ಜೇಡಿಮಣ್ಣು, ಮಳೆಗೆ ಹೂತುಹೋಗುವಂಥದ್ದು. ಸುಣ್ಣದ ಕಲ್ಲು ನೀರು ಹೀರುತ್ತದೆ, ಅದಕ್ಕೇ ಹಳಬರು ಮೇಲಿನ ಒಣ ದಾರಿ ಹಿಡಿದರು. ಹಾಗಂತ ಮಳೆ ಬಂದ ದಿನ ನಂಬಬೇಡಿ. ಮೇಲ್ಪದರ ಒದ್ದೆಯಾದರೆ ಟೈರು ನಿಲ್ಲುವುದಿಲ್ಲ, ಬಿಳಿ ಅಂಟು ಬ್ರೇಕಿನವರೆಗೂ ಮೆತ್ತಿಕೊಳ್ಳುತ್ತದೆ. ಒಣಗಿದ್ದಾಗ ಇನ್ನೊಂದು ಕಾಟ, ಫ್ಲಿಂಟ್ ಅನ್ನುವ ಚೂಪು ಕಲ್ಲು. ಕತ್ತರಿಸಿದರೆ ಟೈರಿನ ಪಕ್ಕವೇ ಸೀಳುತ್ತದೆ. ಟ್ಯೂಬ್‌ಲೆಸ್ ಟೈರು, ಒಳಗೆ ತೂತು ಮುಚ್ಚುವ ದ್ರವ, ಜೊತೆಗೆ ಒಂದು ಬಿಡಿ ಟ್ಯೂಬು, ಇಷ್ಟಿದ್ದರೆ ಧೈರ್ಯ.

ದಾರಿಯುದ್ದಕ್ಕೂ ನೋಡಲು ಬೇಕಾದಷ್ಟಿದೆ. ಚಾಂಕ್ಟನ್‌ಬರಿ ರಿಂಗ್ ಅನ್ನುವ ಗುಡ್ಡದ ಕೋಟೆಯ ಮೇಲೆ 1760ರಲ್ಲಿ ನೆಟ್ಟ, ಬೀಚ್ ಅನ್ನುವ ಜಾತಿಯ ಮರಗಳ ತೋಪು. 1987ರ ಬಿರುಗಾಳಿಗೆ ಬಹಳಷ್ಟು ಉರುಳಿಬಿದ್ದವು, ಮತ್ತೆ ನೆಟ್ಟು ಬೆಳೆಸಿದ್ದಾರೆ. ಕ್ಲೇಟನ್ ಹತ್ತಿರ ಜ್ಯಾಕ್ ಮತ್ತು ಜಿಲ್ ಅನ್ನುವ ಜೋಡಿ ಗಾಳಿಗಿರಣಿಗಳು. ಮುಂದೆ 248 ಮೀಟರ್ ಎತ್ತರದ ಡಿಚ್ಲಿಂಗ್ ಬೀಕನ್ ಗುಡ್ಡ, ಅಲ್ಲಿ ಕುರಿಗಳಿಗೆಂದು ತೋಡಿದ ಪುಟ್ಟ ಹೊಂಡ.

ಆಲ್‌ಫ್ರಿಸ್ಟನ್ ಹಳ್ಳಿಯಲ್ಲಿ ದಾರಿ ಕವಲೊಡೆಯುತ್ತದೆ. ಸೆವೆನ್ ಸಿಸ್ಟರ್ಸ್ ಅನ್ನುವ ಬಿಳಿ ಕಡಲಬಂಡೆಗಳ ನೆತ್ತಿಯ ಮೇಲೆ ಹೋಗುವುದು ಕಾಲುದಾರಿ. ಕ್ಯಾಲೆಂಡರಿನಲ್ಲಿ ಕಾಣುವುದು ಅದೇ, ಸೈಕಲ್ಲಿಗೆ ಬಂದ್ ಆಗಿರುವುದೂ ಅದೇ. ನಮ್ಮದು ಒಳನಾಡಿನ ಕವಲು. ಅದು ವಿಲ್ಮಿಂಗ್ಟನ್ನಿನ ಉದ್ದ ಮನುಷ್ಯನ ತಲೆಯ ಮೇಲೇ ಹಾದುಹೋಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಬರೆದ, ಸುಮಾರು 70 ಮೀಟರಿನ ಚಿತ್ರ ಅದು. ನೆತ್ತಿಯಿಂದ ನೋಡಿದರೆ ಸರಿಯಾಗಿ ಕಾಣುವುದೇ ಇಲ್ಲ, ಕೆಳಗಿನ ಹಳ್ಳಿಗೆ ಇಳಿದೇ ನೋಡಬೇಕು. ಅಲ್ಲಿಂದ ಜೆವಿಂಗ್ಟನ್, ಮತ್ತೊಂದು ಏರು, ಆಮೇಲೆ ಈಸ್ಟ್‌ಬೋರ್ನ್‌ವರೆಗೂ ಇಳಿಜಾರು. ಬಿಳಿ ಬಂಡೆ ನೋಡಲೇಬೇಕು ಅನ್ನುವವರು ಆ ರಾತ್ರಿ ಊರಿನಲ್ಲೇ ತಂಗಿ, ಮಾರನೇ ಬೆಳಿಗ್ಗೆ ಸೈಕಲ್ಲಿಗೆ ಬೀಗ ಹಾಕಿ, ನಡೆದು ಹೊರಡಿ. ನಮಸ್ಕಾರ.