ಮೊದಲ ಸಲ ಬ್ಲಾಗಿಗರ ಸಮಾವೇಶಕ್ಕೆ ಹೊರಟವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ಲಾಗಿಗರ ಸಮಾವೇಶಕ್ಕೆ ಹೋದ ಕೂಡಲೇ ಬಾಗಿಲ ಹತ್ತಿರದ ಮೇಜಿನಲ್ಲಿ ನಿಮ್ಮ ಕೈಗೊಂದು ಬ್ಯಾಡ್ಜ್ ಕೊಡುತ್ತಾರೆ. ಉದ್ದನೆಯ ದಾರ, ಅದರ ತುದಿಯಲ್ಲಿ ಹೆಸರು ಬರೆದ ಕಾರ್ಡು. ಕೊರಳಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾರ್ಡು ತಿರುಗಿಕೊಂಡು ಬಿಡುತ್ತದೆ. ಹೆಸರಿರುವ ಕಡೆ ನಿಮ್ಮ ಹೊಟ್ಟೆಗೆ, ಖಾಲಿ ಕಡೆ ಎದುರಿನವರಿಗೆ. ತಿರುಗದೇ ಇದ್ದರೂ ಅಷ್ಟು ಕೆಳಗೆ ತೂಗಾಡುವ ಕಾರ್ಡನ್ನು ಓದಬೇಕೆಂದರೆ ಎದುರಿಗಿರುವವರು ಬಗ್ಗಬೇಕು, ಯಾರೂ ಬಗ್ಗುವುದಿಲ್ಲ. ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಇದು. ದಾರಕ್ಕೆ ಕತ್ತಿನ ಹಿಂದೆ ಒಂದು ಗಂಟು ಹಾಕಿ ಗಿಡ್ಡ ಮಾಡಿಕೊಳ್ಳಿ, ಕಾರ್ಡು ಎದೆಯ ಮಟ್ಟಕ್ಕೆ ಬರಲಿ. ಆಮೇಲೆ ದಪ್ಪ ಪೆನ್ನು ತೆಗೆದುಕೊಂಡು ಕಾರ್ಡಿನ ಎರಡೂ ಕಡೆ ನಿಮ್ಮ ಬ್ಲಾಗಿನ ಹೆಸರು ಬರೆಯಿರಿ. ನಿಮ್ಮ ಹೆಸರಿಗಿಂತ ದೊಡ್ಡದಾಗಿ ಬರೆಯಿರಿ. ಅಲ್ಲಿಗೆ ಬಂದವರಿಗೆ ನಿಮ್ಮ ಮುಖ ಗೊತ್ತಿಲ್ಲ, ಹೆಸರೂ ಗೊತ್ತಿರಲಿಕ್ಕಿಲ್ಲ, ಆದರೆ ಬ್ಲಾಗಿನ ಹೆಸರು ಎಂದೋ ಒಂದು ದಿನ ಕಣ್ಣಿಗೆ ಬಿದ್ದಿರಬಹುದು. "ಓ, ಅದು ನೀವಾ?" ಅಂತ ಒಬ್ಬರು ಕೇಳಿದರೆ ಸಾಕು, ಮುಂದಿನ ಹತ್ತು ನಿಮಿಷದ ಮಾತು ತಾನಾಗಿ ಬರುತ್ತದೆ.

ನನ್ನ ಮೊದಲ ಸಮಾವೇಶದಲ್ಲಿ ನಾನು ಇದನ್ನು ಮಾಡಲಿಲ್ಲ. ಎರಡು ದಿನ ಹಿಂದಿನ ಸಾಲಿನಲ್ಲಿ ಕೂತು, ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಗೋಷ್ಠಿಯನ್ನೂ ಬಿಡದೆ, ಕೇಳಿದ್ದನ್ನೆಲ್ಲ ಬರೆದುಕೊಂಡೆ. ನಲವತ್ತು ಪುಟ ತುಂಬಿತು. ವಿರಾಮ ಸಿಕ್ಕಾಗ ಗೋಡೆಗೆ ಒರಗಿ ನಿಂತು ಫೋನು ನೋಡುತ್ತಿದ್ದೆ, ಯಾಕೆಂದರೆ ಎಲ್ಲರೂ ಆಗಲೇ ಗುಂಪು ಗುಂಪಾಗಿ ನಿಂತಿದ್ದರು, ನಡುವೆ ಹೋಗಿ ಏನಂತ ಮಾತು ಶುರು ಮಾಡುವುದು ಅನ್ನುವುದೇ ತಿಳಿಯಲಿಲ್ಲ. ಕೆಲವು ವಾರ ಕಳೆದ ಮೇಲೆ ಆ ಭಾಷಣಗಳೆಲ್ಲ ವಿಡಿಯೋಗಳಾಗಿ ಹೊರಗೆ ಬಂದವು. ನನ್ನ ನಲವತ್ತು ಪುಟದಲ್ಲಿ ಇದ್ದದ್ದೆಲ್ಲ ಅದರಲ್ಲೇ ಇತ್ತು. ಇಲ್ಲದೇ ಇದ್ದದ್ದು ಒಂದೇ, ಎರಡು ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು. ಅವರೂ ಒಬ್ಬರೇ ಬಂದಿದ್ದರು. ಅವರ ಬ್ಲಾಗು ಯಾವುದು ಅಂತ ಕೂಡ ನಾನು ಕೇಳಲಿಲ್ಲ. ಅದು ಈಗಲೂ ನನಗೆ ಬೇಜಾರಿನ ವಿಷಯ.

ಹಾಗಾಗಿ ನಾನು ಇವತ್ತು ಹೇಳುವುದೆಲ್ಲ ಒಂದೇ ಮಾತಿನ ಸುತ್ತ. ಭಾಷಣ ಆಮೇಲೂ ಸಿಗುತ್ತದೆ. ಜನ ಸಿಗುವುದಿಲ್ಲ.

ಇದು ಸುಮ್ನೆ ನನ್ನ ಅನಿಸಿಕೆ ಅಲ್ಲ. ಈ ಸಮಾವೇಶಗಳು ಹುಟ್ಟಿದ್ದೇ ಜನ ಸೇರಲಿ ಅಂತ. ಬ್ಲಾಗು ಬರೆಯಲು ಜಾಗ ಕೊಡುವ ಬ್ಲಾಗರ್ ಎಂಬ ಸೇವೆ ಶುರುವಾದದ್ದು 1999ರಲ್ಲಿ, ಬ್ಲಾಗು ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಬಂದದ್ದು 2003ರಲ್ಲಿ. ಬರೆಯುವವರು ಸಾವಿರಗಟ್ಟಲೆ ಆದರು, ಆದರೆ ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ. ಬ್ಲಾಗ್ ಲೋಕದಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ ಅನ್ನುವ ಪ್ರಶ್ನೆ ಪದೇ ಪದೇ ಬರುತ್ತಿದ್ದ ಕಾಲದಲ್ಲಿ ಮೂವರು ಮಹಿಳೆಯರು ಸೇರಿ 2005ರ ಜುಲೈನಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ಬ್ಲಾಗ್‌ಹರ್ ಎಂಬ ಸಮಾವೇಶ ನಡೆಸಿದರು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವರ್ಡ್‌ಪ್ರೆಸ್ ಬಳಸುವವರ ಸಮಾವೇಶ, ಮೊದಲ ವರ್ಡ್‌ಕ್ಯಾಂಪ್ ಆಯಿತು. ಈಗ ವರ್ಡ್‌ಕ್ಯಾಂಪ್‌ಗಳು ಲೋಕದ ಎಷ್ಟೋ ಊರುಗಳಲ್ಲಿ ನಡೆಯುತ್ತವೆ, ನಡೆಸುವವರು ಸ್ವಯಂಸೇವಕರು, ಅಲ್ಲಿಯ ಬಹಳಷ್ಟು ಭಾಷಣಗಳನ್ನು ವರ್ಡ್‌ಪ್ರೆಸ್ ಟಿವಿ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹಾಗಾದರೆ ಜನ ಇನ್ನೂ ಯಾಕೆ ಅಷ್ಟು ದೂರ ಹೋಗುತ್ತಾರೆ ಹೇಳಿ?

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಹಿಡಿದು, ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ ಕೇಳಿದ್ದರು. ಪದೇ ಪದೇ ಭೇಟಿಯಾಗುತ್ತಿದ್ದೆ ಅಂದವರು ನೂರಕ್ಕೆ ಸುಮಾರು 17 ಮಾತ್ರ. ಉಳಿದವರಿಗೆಲ್ಲ ದಾರಿ ತೋರಿಸಿದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವ ಪರಿಚಯಸ್ಥರು. ಯೋಚಿಸಿದರೆ ಸರಿ ಅನಿಸುತ್ತದೆ ಅಲ್ವಾ? ದಿನಾ ಜೊತೆಗಿರುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದವರಿಂದ. ಸಮಾವೇಶ ಅಂದರೆ ಅಂಥ ಬೇರೆ ವಲಯದವರು ನೂರಾರು ಜನ ಒಂದೇ ಸೂರಿನಡಿ ಎರಡು ದಿನ ಸಿಗುವುದು.

ಸರಿ, ಮಾತು ಶುರು ಮಾಡುವುದು ಹೇಗೆ? "ನೀವು ಏನು ಬರೆಯುತ್ತೀರಿ?" ಅಂತ ಎಲ್ಲರೂ ಕೇಳುತ್ತಾರೆ, ಎರಡು ದಿನದಲ್ಲಿ ಇಪ್ಪತ್ತು ಸಲವಾದರೂ ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಮನೆಯಲ್ಲೇ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಂಡು ಹೋಗಿ. "ಹೀಗೇ, ಎಲ್ಲ ವಿಷಯ ಬರೀತೀನಿ" ಅಂದರೆ ಎದುರಿನವರಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. "ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಗಿಡ ಬೆಳೆಸೋದು ಹೇಗೆ ಅಂತ, ಮೊದಲ ಸಲ ಕುಂಡ ತಂದಿರೋರಿಗೆ ಬರೀತೀನಿ" ಅಂದು ನೋಡಿ. ಏನು, ಯಾರಿಗೆ, ಎರಡೂ ಬಂತು. ಕೇಳಿದವರಿಗೆ ತಮ್ಮ ಮನೆಯ ಒಣಗಿದ ಗಿಡ ನೆನಪಾಗುತ್ತದೆ, ಅಥವಾ ಗಿಡದ ಹುಚ್ಚಿರುವ ಗೆಳೆಯರು ನೆನಪಾಗುತ್ತಾರೆ. ಮಾತು ಹಾಗೇ ಮುಂದೆ ಹೋಗುತ್ತದೆ.

ನೀವು ಕೇಳುವ ಪ್ರಶ್ನೆಯೂ ಅಷ್ಟೇ ಮುಖ್ಯ. ದಯವಿಟ್ಟು "ನಿಮ್ಮ ಬ್ಲಾಗಿಗೆ ತಿಂಗಳಿಗೆ ಎಷ್ಟು ಜನ ಬರುತ್ತಾರೆ?" ಅಂತ ಶುರು ಮಾಡಬೇಡಿ. ಜಾಸ್ತಿ ಇದ್ದವರಿಗೆ ಅದು ಬೇಸರ ತರಿಸುತ್ತದೆ, ಕಡಿಮೆ ಇದ್ದವರನ್ನು ಕುಗ್ಗಿಸುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: "ಬರೆಯಲು ಶುರು ಮಾಡಿ ಅರ್ಧಕ್ಕೆ ನಿಂತಿರುವ ಬರಹ ಯಾವುದಾದರೂ ಇದೆಯಾ?" ಬರೆಯುವ ಪ್ರತಿಯೊಬ್ಬರ ಹತ್ತಿರವೂ ಅಂಥದ್ದೊಂದು ಇರುತ್ತದೆ. ಅದರ ಬಗ್ಗೆ ಹೇಳುವಾಗ ಅವರ ದನಿಯೇ ಬದಲಾಗುತ್ತದೆ. ನಿಮ್ಮದನ್ನೂ ಹೇಳಿ. ಯಾಕೆ ನಿಂತಿತು ಅಂತ ಇಬ್ಬರು ಸೇರಿ ಹುಡುಕುವುದಿದೆಯಲ್ಲ, ಅಂಥ ಹತ್ತು ನಿಮಿಷ ಯಾವ ವೇದಿಕೆಯ ಮೇಲೂ ಸಿಗುವುದಿಲ್ಲ.

ಗುಂಪಿನ ವಿಷಯ ಹೇಳುತ್ತಿದ್ದೆ. ಐದಾರು ಜನ ಮುಖಕ್ಕೆ ಮುಖ ಕೊಟ್ಟು ವೃತ್ತವಾಗಿ ನಿಂತರೆ ಹೊಸಬರಿಗೆ ಕಾಣುವುದು ಬರೀ ಬೆನ್ನು. ಇದಕ್ಕೆ ಎರಿಕ್ ಹೋಲ್ಶರ್ ಎಂಬ ತಂತ್ರಜ್ಞರು ಹೇಳಿದ ಒಂದು ಉಪಾಯವಿದೆ, ಪ್ಯಾಕ್‌ಮ್ಯಾನ್ ನಿಯಮ ಅಂತ ಹೆಸರು. ಹಳೆಯ ವಿಡಿಯೋ ಗೇಮಿನ ಪ್ಯಾಕ್‌ಮ್ಯಾನ್ ನೆನಪಿದೆಯಲ್ಲ, ಬಾಯಿ ತೆರೆದ ಹಳದಿ ಉಂಡೆ? ನಿಂತ ವೃತ್ತದಲ್ಲಿ ಹಾಗೆಯೇ ಒಬ್ಬರು ನಿಲ್ಲುವಷ್ಟು ಜಾಗ ಬಿಡಿ. ಒಬ್ಬರು ಬಂದು ಆ ಜಾಗದಲ್ಲಿ ನಿಂತರೆ ಎಲ್ಲರೂ ತುಸು ಸರಿದು ಇನ್ನೊಂದು ಜಾಗ ಮಾಡಿಕೊಡಿ. ಮೊದಲ ಸಲ ಹೋಗುವ ನಿಮಗೆ ಇದು ಎರಡು ಥರ ಉಪಯೋಗಕ್ಕೆ ಬರುತ್ತದೆ. ಎಲ್ಲಿ ಅಂಥ ಜಾಗ ಕಾಣುತ್ತದೋ ಅಲ್ಲಿ ಹೋಗಿ ನಿಲ್ಲಿ, ತಕ್ಷಣ ಮಾತಾಡಬೇಕಾಗಿಲ್ಲ, ಕೇಳುತ್ತಾ ನಿಂತರೂ ಆಯಿತು. ಮತ್ತೆ ನೀವೇ ಗುಂಪಿನೊಳಗೆ ಇದ್ದಾಗ ಗೋಡೆಯ ಪಕ್ಕ ಫೋನು ನೋಡುತ್ತಾ ನಿಂತವರ ಕಡೆ ಒಮ್ಮೆ ಕಣ್ಣು ಹಾಯಿಸಿ. ಅವರು ಫೋನು ನೋಡುತ್ತಿಲ್ಲ, ಯಾರಾದರೂ ಕರೆಯಲಿ ಅಂತ ಕಾಯುತ್ತಿರುತ್ತಾರೆ. ನನಗೆ ಚೆನ್ನಾಗಿ ಗೊತ್ತು.

ಗೋಷ್ಠಿಗಳಿಗೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಒಂದೇ ಹೊತ್ತಿಗೆ ಮೂರು ನಾಲ್ಕು ಕೋಣೆಗಳಲ್ಲಿ ನಡೆಯುತ್ತಿರುತ್ತವೆ, ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಿ ದಿನಕ್ಕೆ ಮೂರು ಆರಿಸಿಕೊಳ್ಳಿ, ಒಂದು ಹೊತ್ತನ್ನು ಬೇಕೆಂದೇ ಖಾಲಿ ಬಿಡಿ. ಬರೀ ಹೇಳುವ ಗೋಷ್ಠಿಗಿಂತ ಕೈಯಿಂದ ಮಾಡಿಸುವ ಕಾರ್ಯಾಗಾರ ಮೇಲು, ಯಾಕೆಂದರೆ ಅದು ವಿಡಿಯೋದಲ್ಲಿ ಸಿಗುವುದಿಲ್ಲ, ಪಕ್ಕದವರ ಜೊತೆ ಮಾತು ಆಡಲೇಬೇಕಾಗುತ್ತದೆ. ಕೂರುವಾಗ ಓಡಾಡುವ ದಾರಿಯ ಪಕ್ಕದ ಕುರ್ಚಿ ಹಿಡಿಯಿರಿ. ಓಪನ್ ಸ್ಪೇಸ್ ಎಂಬ ಸಭೆಯ ಕ್ರಮವನ್ನು ರೂಪಿಸಿದ ಹ್ಯಾರಿಸನ್ ಓವೆನ್ ಅದಕ್ಕೆ ಎರಡು ಕಾಲಿನ ನಿಯಮ ಅಂತ ಒಂದನ್ನು ಇಟ್ಟಿದ್ದರು. ಕೂತ ಕಡೆ ನೀವು ಕಲಿಯುತ್ತಲೂ ಇಲ್ಲ, ಬೇರೆಯವರಿಗೆ ಏನೂ ಕೊಡುತ್ತಲೂ ಇಲ್ಲ ಅಂದರೆ ಎದ್ದು ಬೇರೆ ಕಡೆ ಹೋಗಿ, ಅದು ಅವಮರ್ಯಾದೆ ಅಲ್ಲ. ಮಾಮೂಲಿ ಸಮಾವೇಶಕ್ಕೂ ಇದು ಹೊಂದುತ್ತದೆ, ಸದ್ದಿಲ್ಲದೆ ಎದ್ದರಾಯಿತು.

ನಿಮಗೆ ಇಷ್ಟವಾದ ಬ್ಲಾಗಿಗರೊಬ್ಬರು ಅಲ್ಲಿ ಮಾತಾಡುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಭಾಷಣ ಮುಗಿದ ತಕ್ಷಣ ಎಲ್ಲರೂ ಮುತ್ತಿಕೊಳ್ಳುತ್ತಾರೆ, ಆ ನೂಕುನುಗ್ಗಲಲ್ಲಿ ಒಂದು ಫೋಟೋ ಸಿಗಬಹುದು ಅಷ್ಟೇ. ಒಂದೆರಡು ಗಂಟೆ ಬಿಟ್ಟು ನೋಡಿ, ಎಷ್ಟೋ ಸಲ ಅವರು ಒಬ್ಬರೇ ನಿಂತಿರುತ್ತಾರೆ. "ನಿಮ್ಮ ಬರಹ ಚೆನ್ನಾಗಿರುತ್ತದೆ" ಅನ್ನುವುದಕ್ಕಿಂತ, ಅವರ ಒಂದು ಬರಹದ ಹೆಸರು ಹೇಳಿ, ಅದರ ಒಂದು ಸಾಲು ನಿಮಗೆ ಏನು ಮಾಡಿತು ಅಂತ ಹೇಳಿ.

ಇನ್ನು ರಾತ್ರಿ. ಕೋಣೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ, ಆದರೂ ಮಲಗುವ ಮುಂಚೆ ಅರ್ಧ ಗಂಟೆ ಎತ್ತಿಡಿ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಜಾಸ್ತಿ ಆಗುವುದು ಮೊದಲ ಕೆಲವು ಗಂಟೆಗಳಲ್ಲೇ, ಆಮೇಲೆ ಅದು ನಿಧಾನವಾಗುತ್ತದೆ ಅಂತ ಅವರಿಗೆ ಕಂಡಿತು. ಭೇಟಿಯಾದವರ ಹೆಸರು, ಮುಖ, ಹೇಳಿದ ಮಾತು ಬೆಳಿಗ್ಗೆ ನೆನಪಿರುತ್ತದೆ ಅಂದುಕೊಂಡರೆ ಕಷ್ಟ. ಸಿಕ್ಕ ಒಂದೊಂದು ವಿಸಿಟಿಂಗ್ ಕಾರ್ಡಿನ ಹಿಂದೆ ಒಂದು ಸಾಲು ಬರೆಯಿರಿ, ಹುದ್ದೆ ವಿಳಾಸ ಅಲ್ಲ, ಮಾತು: "ಅಜ್ಜಿಯ ಪತ್ರಗಳ ಬಗ್ಗೆ ಬರೆಯುತ್ತಿದ್ದಾರೆ, ಮೂರನೇ ಭಾಗದಲ್ಲಿ ನಿಂತಿದೆ." ವಾರದ ನಂತರ ನೋಡಿದರೂ ಆ ಮುಖ ಕಣ್ಣ ಮುಂದೆ ಬರುತ್ತದೆ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಆ ರಾತ್ರಿ ನಿಮ್ಮ ಬ್ಲಾಗಿಗೆ ಕೈ ಹಾಕಬೇಡಿ. ಹುರುಪಿನಲ್ಲಿ ಹೊಸ ವಿನ್ಯಾಸ, ಹೊಸ ಹೆಸರು, ಬ್ಲಾಗಿಗೆ ಸೇರಿಸುವ ಪ್ಲಗಿನ್ ಎಂಬ ಹೊಸ ಸೌಲಭ್ಯ ಎಲ್ಲ ಬೇಕು ಅನಿಸುತ್ತದೆ. ಸಮಾವೇಶದ ಮಳಿಗೆಗಳಲ್ಲಿ ತಮ್ಮ ಸೇವೆ ಮಾರಲು ಕೂತವರು ಇವತ್ತೇ ಸೇರಿದರೆ ರಿಯಾಯಿತಿ ಅನ್ನುತ್ತಾರೆ. ಹತ್ತು ದಿನ ಬಿಟ್ಟು ನೋಡಿ, ಇನ್ನೂ ಬೇಕು ಅನಿಸಿದರೆ ಮಾಡಿ. ಹಾಗೇ, ಮಾತಿನ ನಡುವೆ ಯಾರೋ ತಮ್ಮ ಕಷ್ಟ ಹೇಳಿಕೊಂಡಿದ್ದನ್ನು ಅವರನ್ನು ಕೇಳದೆ ಬರೆದು ಹಾಕಬೇಡಿ, ಫೋಟೋಗೂ ಅದೇ ಮಾತು.

ಮನೆಗೆ ಬಂದ ಎರಡು ದಿನದೊಳಗೆ ಮೂವರಿಗೆ ಪತ್ರ ಬರೆಯಿರಿ. ಮೂವರು ಸಾಕು. "ನಿಮ್ಮನ್ನು ಭೇಟಿಯಾಗಿ ಸಂತೋಷವಾಯಿತು" ಅಂತ ಬರೆದರೆ ಅವರು "ನನಗೂ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕಾರ್ಡಿನ ಹಿಂದೆ ಬರೆದ ಸಾಲಿನಿಂದಲೇ ಶುರು ಮಾಡಿ. ಆ ನಿಂತು ಹೋದ ಮೂರನೇ ಭಾಗ ಏನಾಯಿತು ಅಂತ ಕೇಳಿ, ಕಳಿಸಿದರೆ ಓದುತ್ತೇನೆ ಅನ್ನಿ, ಕಳಿಸಿದರೆ ನಿಜವಾಗಿ ಓದಿ.

ನನ್ನ ಎರಡನೇ ಸಮಾವೇಶದಲ್ಲಿ ಫೋನ್ ಚಾರ್ಜ್ ಮಾಡುವ ಜಾಗದಲ್ಲಿ ಒಬ್ಬರು ಸಿಕ್ಕಿದ್ದರು. ಇದ್ದದ್ದು ಒಂದೇ ಪ್ಲಗ್ಗು, ಇಬ್ಬರ ಫೋನೂ ಸತ್ತಿತ್ತು, ಹದಿನೈದು ಹದಿನೈದು ನಿಮಿಷ ಅಂತ ಹಂಚಿಕೊಂಡು ಅಲ್ಲೇ ನೆಲದ ಮೇಲೆ ಕೂತು ಮಾತಾಡಿದೆವು. ಒಂದು ಗೋಷ್ಠಿ ತಪ್ಪಿತು, ಅದು ಯಾವುದು ಅಂತಲೂ ಈಗ ನೆನಪಿಲ್ಲ. ಅಂದಿನಿಂದ ನಾನು ಬರೆದದ್ದನ್ನು ಮೊದಲು ಓದುವುದು ಅವರು, ಅವರು ಬರೆದದ್ದನ್ನು ಮೊದಲು ಓದುವುದು ನಾನು. ಈ ಭಾಷಣದ ಕರಡನ್ನೂ ಅವರಿಗೆ ಕಳಿಸಿದ್ದೆ. ಮೊದಲಿಗೆ ಬ್ಲಾಗು ಅಂದರೇನು ಅಂತ ವಿವರಿಸುವ ಒಂದು ಉದ್ದ ಪ್ಯಾರಾ ಇತ್ತು. ಅದಕ್ಕೆ ಅಡ್ಡ ಗೆರೆ ಎಳೆದು, "ಬ್ಯಾಡ್ಜಿನಿಂದ ಶುರು ಮಾಡಿ" ಅಂತ ಬರೆದು ವಾಪಸ್ ಕಳಿಸಿದರು. ಹಾಗೇ ಮಾಡಿದೆ.

ನಮಸ್ಕಾರ.