'ಮೈಸೆಲ್ಫ್ ಮಂಜುನಾಥ್': ಕನ್ನಡದ ತಾನು, ಇಂಗ್ಲಿಷಿನ ಸೆಲ್ಫ್

(ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಇಂಟರ್‌ವ್ಯೂಗೆ ಹೋದ ನಮ್ಮ ಮಕ್ಕಳ ಬಾಯಿಂದ ಬರುವ ಮೊದಲ ವಾಕ್ಯ ನಿಮಗೆಲ್ಲ ಗೊತ್ತು. 'ಮೈಸೆಲ್ಫ್ ಮಂಜುನಾಥ್, ಫ್ರಮ್ ಹಾಸನ.' ಇದನ್ನು ಕೇಳಿ ನಗುವವರೇ ಜಾಸ್ತಿ. ಯಾಕೆ ಹೀಗಾಗುತ್ತದೆ ಅಂತ ಬಿಡಿಸಿ ಹೇಳುವವರು ಕಡಿಮೆ.

ನಗುವಂಥದ್ದು ಇದರಲ್ಲಿ ಏನೂ ಇಲ್ಲ. 'ನಾನು ಮಂಜುನಾಥ' ಎಂದರೆ ಕನ್ನಡದಲ್ಲಿ ಅದು ಪೂರ್ತಿ ವಾಕ್ಯ. ಕ್ರಿಯಾಪದ ಬೇಕಾಗಿಲ್ಲ. ಹುಡುಗ ಅದೇ ಅಚ್ಚಿನಲ್ಲಿ ಇಂಗ್ಲಿಷ್ ಕಟ್ಟಿದ್ದಾನೆ, ಅಷ್ಟೇ. ಆದರೆ ಇಂಗ್ಲಿಷಿಗೆ 'ಆಮ್' ಬೇಕೇಬೇಕು. ಇನ್ನೊಂದು ಕೊರತೆಯೂ ಇದೆ. 'ಮೈಸೆಲ್ಫ್' ತಾನಾಗಿಯೇ ವಾಕ್ಯದ ಮೊದಲಿಗೆ ಬಂದು ಕೂರುವ ಪದವಲ್ಲ. ಅದೇ ವಾಕ್ಯದಲ್ಲಿ ಅದೇ ವ್ಯಕ್ತಿ 'ಐ' ಅಂತಲೋ 'ಮಿ' ಅಂತಲೋ ಮೊದಲೇ ಬಂದಿರಬೇಕು. 'ಐ ಕಟ್ ಮೈಸೆಲ್ಫ್' ಸರಿ. 'ಲೆಟ್ ಮಿ ಇಂಟ್ರೊಡ್ಯೂಸ್ ಮೈಸೆಲ್ಫ್' ಸರಿ. ಹೆಸರು ಹೇಳಲು 'ಐ ಆಮ್ ಮಂಜುನಾಥ್' ಸಾಕು.

ಇಂಗ್ಲಿಷನ್ನೇ ಮಾತಾಡಿ ಬೆಳೆದವರೂ ಇಲ್ಲಿ ಎಡವುತ್ತಾರೆ. 'ಪ್ಲೀಸ್ ಕಾಂಟ್ಯಾಕ್ಟ್ ಸುರೇಶ್ ಆರ್ ಮೈಸೆಲ್ಫ್' ಅಂತ ಆಫೀಸಿನ ಇಮೇಲ್‌ಗಳಲ್ಲಿ ಬರೆಯುತ್ತಾರೆ. 'ಮಿ' ಅನ್ನುವುದಕ್ಕಿಂತ ಇದು ಗೌರವವಾಗಿ ಕೇಳುತ್ತದೆ ಅನ್ನುವ ಭಾವನೆ ಇರಬೇಕು. ಸುರೇಶನನ್ನು ತೆಗೆದು ಓದಿ. 'ಕಾಂಟ್ಯಾಕ್ಟ್ ಮೈಸೆಲ್ಫ್' ಅಂತ ಯಾರೂ ಬರೆಯುವುದಿಲ್ಲ, ಅಲ್ವಾ? ಅಲ್ಲಿಗೆ 'ಸುರೇಶ್ ಆರ್ ಮಿ' ಅನ್ನುವುದೇ ಸರಿ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಮೈಸೆಲ್ಫ್, ಹಿಮ್‌ಸೆಲ್ಫ್ ಥರದ ಸೆಲ್ಫ್ ಪದಗಳ ಈ ಪಾಠವನ್ನು ನಮ್ಮ ಮಕ್ಕಳಿಗೆ ಬರೀ ಪಟ್ಟಿ ಬಾಯಿಪಾಠ ಮಾಡಿಸಿ ಕಲಿಸಬೇಡಿ. ಅವರ ತಲೆಯೊಳಗೆ ಆಗಲೇ 'ತಾನು' ಇದೆ. ಅಲ್ಲಿಂದ ಶುರುಮಾಡಿ.

'ರವಿ, ಸೀತಾ ತನ್ನನ್ನು ಹೊಗಳಿದಳು ಅಂದ.' ಇಲ್ಲಿ 'ತನ್ನನ್ನು' ಅಂದರೆ ಯಾರು? ರವಿ. ನಮಗೆ ಯೋಚನೆಯೇ ಬೇಕಿಲ್ಲ. ಕನ್ನಡದ 'ತಾನು' ಪಕ್ಕದಲ್ಲಿರುವ ಸೀತಾಳನ್ನು ದಾಟಿ ಹೊರಗಿನ ವಾಕ್ಯದಲ್ಲಿರುವ ರವಿಯನ್ನು ಹಿಡಿಯುತ್ತದೆ. ಇಂಗ್ಲಿಷಿನ ಸೆಲ್ಫ್‌ಗೆ ಆ ಶಕ್ತಿ ಇಲ್ಲ. ಅದು ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದ ಕರುವಿನ ಹಾಗೆ, ತನ್ನ ಚಿಕ್ಕ ಉಪವಾಕ್ಯದೊಳಗೇ ಸುತ್ತುತ್ತದೆ. ಹಾಗಾಗಿ 'ರವಿ ಸೆಡ್ ದಟ್ ಸೀತಾ ಪ್ರೇಸ್ಡ್ ಹಿಮ್‌ಸೆಲ್ಫ್' ತಪ್ಪು. 'ಪ್ರೇಸ್ಡ್ ಹಿಮ್' ಅನ್ನಬೇಕು. 'ಪ್ರೇಸ್ಡ್ ಹರ್‌ಸೆಲ್ಫ್' ಅಂದರೆ ಸೀತಾ ತನ್ನನ್ನು ತಾನೇ ಹೊಗಳಿಕೊಂಡಳು ಅಂತ ಅರ್ಥ.

ಸೆಲ್ಫ್ ಹತ್ತಿರದಲ್ಲೇ ಒಡೆಯನನ್ನು ಹುಡುಕಬೇಕು ಅನ್ನುವ ಈ ಮಾತನ್ನು ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1981ರಲ್ಲಿ ಒಂದು ಸೂತ್ರವಾಗಿ ಮಂಡಿಸಿದರು. ಆಮೇಲೆ ಜೆಫ್ರಿ ಲಿಡ್ಜ್ ಎಂಬ ಭಾಷಾವಿಜ್ಞಾನಿ ಕನ್ನಡದ 'ತನ್ನನ್ನು', 'ತನ್ನನ್ನು ತಾನೇ', 'ಕೊಳ್ಳು' ಇವುಗಳನ್ನೇ ಹಿಡಿದು ಅಧ್ಯಯನ ಮಾಡಿದರು. ನಾವು ದಿನಾ ಆಡುವ ಮಾತಿನಲ್ಲಿ ಅಷ್ಟು ಸರಕು ಇದೆ. 'ಪ್ರೇಸ್ಡ್ ಹಿಮ್' ಅಂದಾಗ ಆ 'ಹಿಮ್' ರವಿಯೂ ಆಗಬಹುದು, ಬೇರೆ ಯಾರೋ ಒಬ್ಬ ಗಂಡಸೂ ಆಗಬಹುದು. ಕನ್ನಡದ 'ತನ್ನನ್ನು', 'ಅವನನ್ನು' ಎರಡೂ ಸೇರಿ ಆ ಗೊಂದಲವನ್ನು ಎಷ್ಟು ಚೆನ್ನಾಗಿ ಬಗೆಹರಿಸುತ್ತವೆ ನೋಡಿ! ಇದನ್ನು ಮಕ್ಕಳಿಗೆ ಹೇಳಿ. ತಮ್ಮ ಭಾಷೆಯ ಮೇಲೆ ಹೆಮ್ಮೆಯೂ ಬರುತ್ತದೆ, ಇಂಗ್ಲಿಷಿನ ನಿಯಮವೂ ನೆನಪಿರುತ್ತದೆ.

ಎರಡನೆಯ ವಿಷಯ ಈಗ ಹೇಳಿದ 'ಕೊಳ್ಳು'. ಕೂತ್ಕೊ, ಮಲಕ್ಕೊ, ತಲೆ ಬಾಚ್ಕೊ, ಬಟ್ಟೆ ಹಾಕ್ಕೊ. ಕೆಲಸ ಮಾಡಿದವರಿಗೇ ಆ ಕೆಲಸ ತಟ್ಟಿತು ಅನ್ನುವುದನ್ನು ನಾವು ಕ್ರಿಯಾಪದದ ಬಾಲಕ್ಕೆ ಅಂಟಿಸುತ್ತೇವೆ. ಇಂಗ್ಲಿಷ್ ಅದನ್ನು ಸರ್ವನಾಮಕ್ಕೆ ಬಿಡುತ್ತದೆ, ಅದೂ ಎಲ್ಲ ಕಡೆ ಅಲ್ಲ. ವಾಶ್, ಶೇವ್, ಡ್ರೆಸ್ ಇವಕ್ಕೆ ಸಾಮಾನ್ಯವಾಗಿ ಸೆಲ್ಫ್ ಹಚ್ಚುವುದಿಲ್ಲ. 'ಹಿ ಶೇವ್ಡ್' ಅಂದರೆ ಮುಗಿಯಿತು. ರಿಲ್ಯಾಕ್ಸ್, ಕಾನ್ಸಂಟ್ರೇಟ್ ಕೂಡ ಹಾಗೆಯೇ.

ಇದಕ್ಕೆ ಉಲ್ಟಾ ಇರುವುದು 'ಎಂಜಾಯ್'. ಟೂರ್ ಮುಗಿಸಿ ಬಂದವರು 'ವಿ ಎಂಜಾಯ್ಡ್ ಎ ಲಾಟ್' ಅನ್ನುತ್ತಾರೆ. ಎಂಜಾಯ್ ಮಾಡಿದ್ದು ಏನನ್ನು? 'ವಿ ಎಂಜಾಯ್ಡ್ ದ ಟ್ರಿಪ್' ಅನ್ನಿ, ಇಲ್ಲವೇ 'ವಿ ಎಂಜಾಯ್ಡ್ ಅವರ್‌ಸೆಲ್ವ್ಸ್' ಅನ್ನಿ. ಹಾಜರಾತಿಯ ನೋಟಿಸುಗಳಲ್ಲಿ ಬರುವ 'ಹಿ ಆಬ್ಸೆಂಟೆಡ್ ಹಿಮ್‌ಸೆಲ್ಫ್' ಕೂಡ ಇದೇ ಜಾತಿಯದು. ಅಲ್ಲಿ ಸೆಲ್ಫ್ ಬಿಡುವಂತಿಲ್ಲ.

ಜಾಗ ಹೇಳುವಾಗ ಮಾತ್ರ ಸ್ವಲ್ಪ ಹುಷಾರು. 'ಟೇಕ್ ಆನ್ ಅಂಬ್ರೆಲಾ ವಿತ್ ಯು', 'ಶಿ ಲುಕ್ಡ್ ಬಿಹೈಂಡ್ ಹರ್'. ಅದೇ ವ್ಯಕ್ತಿಯಾದರೂ ಇಲ್ಲಿ ಸೆಲ್ಫ್ ಬರುವುದಿಲ್ಲ.

ನಮ್ಮವರ ಇಂಗ್ಲಿಷಿನಲ್ಲಿ ಎಲ್ಲೆಡೆ ಕೇಳುವ ಇನ್ನೊಂದು ಮಾತು 'ಐ ಓನ್ಲಿ ಡಿಡ್ ಇಟ್'. 'ನಾನೇ ಮಾಡಿದ್ದು' ಅನ್ನುವುದರ ಆ 'ಏ' ಇಂಗ್ಲಿಷಿಗೆ ಹೋಗಿ 'ಓನ್ಲಿ' ಆಗಿದೆ. ಒತ್ತಿ ಹೇಳಲು ಇಂಗ್ಲಿಷ್ ಬಳಸುವುದು ಸೆಲ್ಫನ್ನು: 'ಐ ಡಿಡ್ ಇಟ್ ಮೈಸೆಲ್ಫ್'. ಸಚಿವರೇ ಬಂದರು ಅನ್ನಲು 'ದ ಮಿನಿಸ್ಟರ್ ಹಿಮ್‌ಸೆಲ್ಫ್ ಕೇಮ್'. ಈ ಸೆಲ್ಫನ್ನು ಕಿತ್ತು ಹಾಕಿದರೂ ವಾಕ್ಯ ಉಳಿಯುತ್ತದೆ, ಒತ್ತು ಮಾತ್ರ ಹೋಗುತ್ತದೆ. ಮೊದಲು ನೋಡಿದ ಸೆಲ್ಫನ್ನು ಕಿತ್ತರೆ ವಾಕ್ಯವೇ ಕುಂಟುತ್ತದೆ, ಇಲ್ಲವೇ ಅರ್ಥ ಬದಲಾಗುತ್ತದೆ. ಎರಡನ್ನೂ ಬೇರೆ ಮಾಡಲು ಮಕ್ಕಳಿಗೆ ಇಷ್ಟು ಸಾಕು.

ರೂಪಗಳ ಬಗ್ಗೆ ಎರಡು ಮಾತು. ಮೈಸೆಲ್ಫ್, ಯುವರ್‌ಸೆಲ್ಫ್ ಅಂದಮೇಲೆ ಹಿಸ್‌ಸೆಲ್ಫ್ ಯಾಕಾಗಬಾರದು ಅಂತ ಮಗು ಕೇಳಿದರೆ ಬೈಯಬೇಡಿ. ಅದು ಬುದ್ಧಿವಂತ ಪ್ರಶ್ನೆ. ಇಂಗ್ಲಿಷೇ ಇಲ್ಲಿ ಒಂದೇ ದಾರಿಯಲ್ಲಿ ನಡೆದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಸೆಲ್ಫ್ ಬಿಡಿ ಪದವಾಗಿತ್ತು, ಬರೀ 'ಹಿಮ್' ಅಂದರೂ 'ತನ್ನನ್ನು' ಅನ್ನುವ ಅರ್ಥ ಬರುತ್ತಿತ್ತು. ಸರ್ವನಾಮಗಳಿಗೆ ಸೆಲ್ಫ್ ಅಂಟಿಕೊಂಡಾಗ ಒಂದೊಂದು ಒಂದೊಂದು ಥರ ಅಂಟಿತು. ಶಿಷ್ಟ ಬರಹದಲ್ಲಿ ಹಿಮ್‌ಸೆಲ್ಫ್, ದೆಮ್‌ಸೆಲ್ವ್ಸ್ ನಿಂತವು. ಇನ್ನು 'ಯು'. ಒಬ್ಬರಿಗೂ ಹಲವರಿಗೂ ಅದೊಂದೇ ಪದ, ಆದರೆ ಸೆಲ್ಫ್ ಸೇರಿದ ಕೂಡಲೇ ಗುಟ್ಟು ಹೊರಬರುತ್ತದೆ. ಮನೆಗೆ ಬಂದ ಹಿರಿಯರೊಬ್ಬರಿಗೆ ಊಟ ಬಡಿಸಿಕೊಳ್ಳಿ ಅನ್ನಲು 'ಹೆಲ್ಪ್ ಯುವರ್‌ಸೆಲ್ಫ್, ಸರ್'. ನಮ್ಮ 'ನೀವು' ಗೌರವಕ್ಕೂ ಬರುತ್ತದೆ ಅಂತ ಅಲ್ಲಿ 'ಯುವರ್‌ಸೆಲ್ವ್ಸ್' ಹಾಕಬಾರದು. ಅದು ಬಹುವಚನಕ್ಕೆ ಮಾತ್ರ.

ಕೊನೆಗೆ 'ಒಬ್ಬರನ್ನೊಬ್ಬರು'. ಇಬ್ಬರು ಹುಡುಗಿಯರು ಕನ್ನಡಿಯ ಮುಂದೆ ನಿಂತು ತಮ್ಮ ತಮ್ಮ ಮುಖ ನೋಡಿಕೊಂಡರೆ 'ದೇ ಲುಕ್ಡ್ ಅಟ್ ದೆಮ್‌ಸೆಲ್ವ್ಸ್'. ಕನ್ನಡಿ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರೆ 'ಲುಕ್ಡ್ ಅಟ್ ಈಚ್ ಅದರ್'. ಕ್ಲಾಸಿನಲ್ಲಿ ಇಬ್ಬರನ್ನು ಎಬ್ಬಿಸಿ ನಿಲ್ಲಿಸಿ ಮಾಡಿ ತೋರಿಸಿ, ಬೇಗ ಹಿಡಿಯುತ್ತಾರೆ.

ಇಲ್ಲಿ ಆಗುವ ನಿಜವಾದ ತಪ್ಪು ಬೇರೆ. ಒಬ್ಬರಿಗೊಬ್ಬರು, ಒಬ್ಬರ ಮೇಲೊಬ್ಬರು, ಒಬ್ಬರ ಜೊತೆಗೊಬ್ಬರು ಅಂತ ವಿಭಕ್ತಿಯನ್ನು ನಾವು ಪದದ ಹೊಟ್ಟೆಯೊಳಗೇ ಇಡುತ್ತೇವೆ. ಹಾಗಾಗಿ ಇಂಗ್ಲಿಷಿನಲ್ಲಿ ಅದನ್ನು ಬೇರೆಯಾಗಿ, ಮುಂದೆ ಇಡಬೇಕು ಅನ್ನುವುದು ಮರೆತುಹೋಗುತ್ತದೆ. 'ದೇ ಆರ್ ಟಾಕಿಂಗ್ ಈಚ್ ಅದರ್' ಅಂತ ಬರೆಯುತ್ತಾರೆ. 'ಟು ಈಚ್ ಅದರ್', 'ವಿತ್ ಈಚ್ ಅದರ್' ಆಗಬೇಕು. 'ಈಚ್ ಅದರ್ಸ್ ಹೌಸಸ್' ಬರೆಯುವಾಗ ಅಪಾಸ್ಟ್ರಫಿ ಎಸ್‌ಗಿಂತ ಮೊದಲು ಬರಬೇಕು.

ಇಬ್ಬರಿಗೆ 'ಈಚ್ ಅದರ್', ಹೆಚ್ಚು ಜನಕ್ಕೆ 'ಒನ್ ಅನದರ್' ಅನ್ನುವ ನಿಯಮ ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟದ್ದು. 1785ರಲ್ಲಿ ಜಾರ್ಜ್ ಅಶರ್ ಎಂಬ ವ್ಯಾಕರಣಕಾರರ ಪುಸ್ತಕದಲ್ಲಿ ಇದು ಆಗಲೇ ಇತ್ತು. 1926ರಲ್ಲಿ ಫೌಲರ್ ತಮ್ಮ ಇಂಗ್ಲಿಷ್ ಬಳಕೆಯ ಕೋಶದಲ್ಲಿ, ಈ ಭೇದದಿಂದ ಈಗ ಉಪಯೋಗವೂ ಇಲ್ಲ, ಹಿಂದಿನ ಬಳಕೆಯ ಬೆಂಬಲವೂ ಇಲ್ಲ ಅಂತ ಬರೆದರು. ಒಳ್ಳೆಯ ಲೇಖಕರು ಎರಡನ್ನೂ ಬೆರೆಸಿ ಬಳಸುತ್ತಲೇ ಬಂದಿದ್ದಾರೆ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿಸಲು ಕೊಟ್ಟಾಗ ಮಗು ಶಾಲೆಯ ನಿಯಮವನ್ನೇ ಪಾಲಿಸಲಿ, ಅಂಕ ಕಳೆದುಕೊಳ್ಳುವುದು ಬೇಡ. ಆದರೆ ಮೂವರು ಗೆಳೆಯರ ಬಗ್ಗೆ ಬರೆದ ಪ್ರಬಂಧದಲ್ಲಿ 'ಈಚ್ ಅದರ್' ಬಂದಿದ್ದರೆ ದಯವಿಟ್ಟು ಕೆಂಪು ಗೆರೆ ಎಳೆಯಬೇಡಿ. 'ಟು' ಬಿಟ್ಟುಹೋಗಿದೆಯಾ ಅಂತ ನೋಡಿ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.